ಬಿಸಿನೀರಿನೊಳಗೆ ಲೋಹದ ಬಾಳು

ಮಸಿನಗುಡಿಯ ಸಮೀಪದ ಸಿಂಗಾರದಲ್ಲಿ ಪೈಕಾರ ಜಲವಿದ್ಯುತ್ ಕೇಂದ್ರವು 1932ರಲ್ಲಿ ಕೆಲಸ ಆರಂಭಿಸಿತು. ಘಟ್ಟದ ಮೇಲಿನಿಂದ ಉಕ್ಕಿನ ಕೊಳವೆಗಳ ಮೂಲಕ ಅಲ್ಲಿಗೆ ಇಳಿಯುವ ನೀರಿನ ಪತನದ ಎತ್ತರ ಸುಮಾರು 939 ಮೀಟರ್. ಇಷ್ಟು ಎತ್ತರದ ನೀರಿನ ಕಂಬವು ಕೊಳವೆಯ ಬುಡದ ಪ್ರತಿಯೊಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು 94 ಕಿಲೋಗ್ರಾಂ ಭಾರವನ್ನು ಹೇರುತ್ತದೆ. ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿರುವ ಕೈಗಾ ಪರಮಾಣು ವಿದ್ಯುತ್ ಸ್ಥಾವರದ ಕೊಳವೆಗಳಲ್ಲಿ ಹರಿಯುವ ನೀರಿನ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ, ಚದರ ಸೆಂಟಿಮೀಟರಿಗೆ ಸುಮಾರು 87 ಕಿಲೋಗ್ರಾಂ. ಒತ್ತಡವೊಂದನ್ನೇ ಲೆಕ್ಕಕ್ಕೆ ಹಿಡಿದರೆ ಕೈಗಾದ ಕೊಳವೆಯು ಸಿಂಗಾರದ ಕೊಳವೆಗಿಂತ ಹೆಚ್ಚಿನ ಕಷ್ಟವನ್ನೇನೂ ಹೊರುತ್ತಿಲ್ಲ. ಆದರೂ ಸಿಂಗಾರದಂಥ ಕಡೆ ಉಕ್ಕಿನ ಕೊಳವೆ ಹಲವು ದಶಕಗಳ ಕಾಲ ಬಾಳುತ್ತದೆ. ಪರಮಾಣು ಸ್ಥಾವರದ ಕೊಳವೆಯನ್ನು ಒಂದು ಮನುಷ್ಯ ತಲೆಮಾರಿನೊಳಗೇ ಕಿತ್ತು ಬೇರೆಯದನ್ನು ಹಾಕಬೇಕಾಗುತ್ತದೆ. ಈ ವ್ಯತ್ಯಾಸಕ್ಕೆ ಕಾರಣವಾದ ಮೂರು ಸಂಗತಿಗಳೆಂದರೆ ನೀರಿನ ಬಿಸಿ, ನ್ಯೂಟ್ರಾನುಗಳ ಹೊಡೆತ ಮತ್ತು ನೀರಿನ ರಾಸಾಯನಿಕ ಗುಣ.

ಕೈಗಾದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿವೆ. ಅಲ್ಲಿ ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ತಮಿಳುನಾಡಿಗೂ ಪಾಲುಂಟು. ಪ್ರತಿಯೊಂದು ಘಟಕದಲ್ಲಿಯೂ ಅಡ್ಡಲಾಗಿ ಜೋಡಿಸಿದ 306 ಕೊಳವೆಗಳಿವೆ. ಯುರೇನಿಯಂ ಇಂಧನದ ಕಟ್ಟುಗಳು ಇರುವುದು ಈ ಕೊಳವೆಗಳೊಳಗೆ. ಅವುಗಳ ಸುತ್ತ ಹರಿಯುವ ಭಾರಜಲವು ಸುಮಾರು 249 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಳಹೊಕ್ಕು 293 ಡಿಗ್ರಿಯಲ್ಲಿ ಹೊರಬರುತ್ತದೆ. ಒತ್ತಡವಿರುವುದರಿಂದಲೇ ಅದು ಹಬೆಯಾಗದೆ ನೀರಾಗಿಯೇ ಉಳಿಯುತ್ತದೆ. ಒಳವ್ಯಾಸ ಸುಮಾರು 82 ಮಿಲಿಮೀಟರ್ ಇರುವ ಈ ಕೊಳವೆಯ ಗೋಡೆಯ ದಪ್ಪ ಸುಮಾರು ಮೂರೂವರೆ ಮಿಲಿಮೀಟರ್ ಮಾತ್ರ.

ಗೋಡೆಯನ್ನು ಇನ್ನಷ್ಟು ದಪ್ಪ ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಜಲವಿದ್ಯುತ್ ಕೇಂದ್ರದ ಉಕ್ಕಿನ ಕೊಳವೆಗೆ ಬೇಕಾದಷ್ಟು ದಪ್ಪ ಕೊಡಬಹುದು. ಪರಮಾಣು ಸ್ಥಾವರದಲ್ಲಿ ಆ ಸ್ವಾತಂತ್ರ್ಯವಿಲ್ಲ. ಸಂವರ್ಧಿಸದ ನೈಸರ್ಗಿಕ ಯುರೇನಿಯಂ ಉರಿಯುವ ಸ್ಥಾವರದಲ್ಲಿ ನ್ಯೂಟ್ರಾನುಗಳ ಆಯವ್ಯಯ ಬಹಳ ಬಿಗಿ. ನಡುವೆ ನಿಂತ ಲೋಹವು ನ್ಯೂಟ್ರಾನುಗಳನ್ನು ಹೀರಿಕೊಂಡರೆ ಸರಣಿಕ್ರಿಯೆಯೇ ನಿಂತುಹೋಗುತ್ತದೆ. ಆದುದರಿಂದ ಉಕ್ಕನ್ನು ಬಿಟ್ಟು, ನ್ಯೂಟ್ರಾನುಗಳನ್ನು ಅತಿ ಕಡಿಮೆ ಹೀರುವ ಜಿರ್ಕೋನಿಯಂ ಲೋಹವನ್ನು ಆರಿಸಿಕೊಂಡರು. ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚಿ ಮತ್ತು ಕೇರಳದ ಚವರ ಕಡಲತೀರಗಳ ಮರಳಿನಲ್ಲಿ ಇದರ ಅದಿರು ದೊರೆಯುತ್ತದೆ. ಅದರೊಂದಿಗೆ ಬೆರೆತಿರುವ ಹಾಫ್ನಿಯಂ ಎಂಬ ಲೋಹವು ನ್ಯೂಟ್ರಾನುಗಳನ್ನು ನುಂಗುವುದರಲ್ಲಿ ಎತ್ತಿದ ಕೈಯಾದ್ದರಿಂದ ಅದನ್ನು ಸಂಪೂರ್ಣವಾಗಿ ಬೇರ್ಪಡಿಸಬೇಕು. ಹೈದರಾಬಾದಿನ ಪರಮಾಣು ಇಂಧನ ಸಂಕೀರ್ಣದಲ್ಲಿ ಈ ಲೋಹಕ್ಕೆ ನೂರಕ್ಕೆ ಎರಡೂವರೆ ಪಾಲು ನಿಯೋಬಿಯಂ ಬೆರೆಸಿ ಕೊಳವೆಗಳನ್ನು ತಯಾರಿಸುತ್ತಾರೆ.

ಇಷ್ಟು ಎಚ್ಚರಿಕೆಯಿಂದ ಮಾಡಿದ ಕೊಳವೆಯೂ ಸ್ಥಾವರದೊಳಗೆ ಸೇರಿದ ದಿನದಿಂದಲೇ ಆಕಾರ ಕಳೆದುಕೊಳ್ಳತೊಡಗುತ್ತದೆ. ಬಿಸಿಯಲ್ಲಿ ಒತ್ತಡವನ್ನು ಹೊತ್ತ ಲೋಹವು ಬಲು ನಿಧಾನವಾಗಿ ಹಿಗ್ಗುತ್ತದೆ; ಇಂಜಿನಿಯರುಗಳು ಇದನ್ನು ಕ್ರೀಪ್ ಎಂದು ಕರೆಯುತ್ತಾರೆ. ನ್ಯೂಟ್ರಾನುಗಳು ಲೋಹದ ಪರಮಾಣುಗಳನ್ನು ಅವುಗಳ ಸ್ಥಾನದಿಂದ ಮತ್ತೆ ಮತ್ತೆ ತಳ್ಳುವುದರಿಂದ ಈ ಹಿಗ್ಗುವಿಕೆ ತೀವ್ರವಾಗುತ್ತದೆ. ವರ್ಷಗಳು ಕಳೆದಂತೆ ಕೊಳವೆ ಉದ್ದವಾಗುತ್ತದೆ, ಅಗಲವಾಗುತ್ತದೆ, ಎರಡು ತುದಿಗಳಲ್ಲಿ ಮಾತ್ರ ಆಧಾರವಿರುವ ಹಲಗೆಯ ಮೇಲೆ ಬಹುಕಾಲ ಭಾರವಿಟ್ಟರೆ ಆಗುವಂತೆ ನಡುಭಾಗದಲ್ಲಿ ತಗ್ಗುತ್ತದೆ. ಉದ್ದವಾಗುವುದಕ್ಕೆ ತುದಿಗಳಲ್ಲಿ ಮೊದಲೇ ಜಾಗ ಬಿಟ್ಟಿರುತ್ತಾರೆ. ಅಗಲವಾದರೆ ನೀರಿನ ಒಂದು ಪಾಲು ಇಂಧನವನ್ನು ಸರಿಯಾಗಿ ತಣಿಸದೆ ಅದರ ಪಕ್ಕದಿಂದಲೇ ಜಾರಿಹೋಗುತ್ತದೆ. ನಡು ತಗ್ಗುವುದು ಇವೆರಡಕ್ಕಿಂತ ಅಪಾಯಕಾರಿ.

ಅದೇಕೆಂದರೆ, ಪ್ರತಿಯೊಂದು ಕೊಳವೆಯ ಹೊರಗೆ ಮತ್ತೊಂದು ಕೊಳವೆ ಇದೆ. ಅದಕ್ಕೆ ಕ್ಯಾಲಾಂಡ್ರಿಯಾ ಕೊಳವೆ ಎಂದು ಹೆಸರು. ಅದರ ಹೊರಮೈಗೆ ತಾಗಿರುವ ಭಾರಜಲದಲ್ಲಿ ಒಳಗಿನ ನೀರಿನ ಕುದಿ ಇಲ್ಲ. ಅದು ಸ್ನಾನದ ನೀರಿಗಿಂತ ತುಸು ಬಿಸಿ, ಅಷ್ಟೇ. ಎರಡು ಕೊಳವೆಗಳ ನಡುವಣ ಒಂದು ಬೆರಳಿನಷ್ಟೂ ಇಲ್ಲದ ತೆರಪಿನಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿರುತ್ತದೆ. ಒಂದು ಮತ್ತೊಂದನ್ನು ತಾಗದಂತೆ ತಂತಿಯನ್ನು ಸುರುಳಿ ಸುತ್ತಿ ಮಾಡಿದ ಸ್ಪ್ರಿಂಗಿನ ಬಳೆಗಳನ್ನು ನಡುನಡುವೆ ತೊಡಿಸಿರುತ್ತಾರೆ. ಬಿಸಿ ಕೊಳವೆ ತಗ್ಗಿ ತಣ್ಣನೆಯ ಕೊಳವೆಯನ್ನು ಮುಟ್ಟಿದರೆ ಏನಾಗುತ್ತದೆಂಬುದು ತಿಳಿಯಬೇಕಾದರೆ ಲೋಹದೊಳಗೆ ಸದ್ದಿಲ್ಲದೆ ಸೇರುವ ಜಲಜನಕದ ಕಥೆಯನ್ನು ತಿಳಿಯಬೇಕು.

ಬಿಸಿನೀರಿನ ಸಂಗದಲ್ಲಿ ಜಿರ್ಕೋನಿಯಂ ನೀರಿನ ಆಮ್ಲಜನಕವನ್ನು ತೆಗೆದುಕೊಂಡು ಮೈಮೇಲೆ ಗಟ್ಟಿಯಾದ ಆಕ್ಸೈಡಿನ ಪದರವನ್ನು ಬೆಳೆಸಿಕೊಳ್ಳುತ್ತದೆ. ಆ ಪದರವೇ ಅದಕ್ಕೆ ಕವಚ. ಆದರೆ ನೀರು ಒಡೆದಾಗ ಬಿಡುಗಡೆಯಾಗುವ ಜಲಜನಕದಲ್ಲಿ ಒಂದು ಪಾಲು ಲೋಹದೊಳಕ್ಕೆ ಇಳಿಯುತ್ತದೆ. ಭಾರಜಲದಲ್ಲಿರುವುದು ಜಲಜನಕದ ಭಾರವಾದ ಸೋದರನಾದ ಡ್ಯೂಟೀರಿಯಂ, ಗುಣ ಒಂದೇ. 300 ಡಿಗ್ರಿ ಬಿಸಿಯಲ್ಲಿರುವ ಜಿರ್ಕೋನಿಯಂ ತೂಕದ ಹತ್ತು ಲಕ್ಷ ಪಾಲಿಗೆ 60–70 ಪಾಲಿನಷ್ಟು ಜಲಜನಕವನ್ನು ಕರಗಿಸಿಕೊಳ್ಳಬಲ್ಲದು. ತಣ್ಣಗಾದಾಗ ಆ ಶಕ್ತಿ ಬಹುಮಟ್ಟಿಗೆ ಇಲ್ಲವಾಗುತ್ತದೆ. ಬಿಸಿ ಹಾಲಿನಲ್ಲಿ ಕರಗಿದ ಸಕ್ಕರೆ ಹಾಲು ಆರಿದಾಗ ತಳ ಸೇರುವಂತೆ, ಹೆಚ್ಚಾದ ಜಲಜನಕವು ಹೈಡ್ರೈಡ್ ಎಂಬ ಪೆಡಸಾದ ಚಕ್ಕೆಗಳಾಗಿ ಲೋಹದೊಳಗೆ ಕೂರುತ್ತದೆ. ಬಾಗಿ ತಾಳಬಲ್ಲ ಲೋಹ ಅಂಥ ಕಡೆಗಳಲ್ಲಿ ಗಾಜಿನಂತೆ ಮುರಿಯಬಲ್ಲದಾಗುತ್ತದೆ. ಮೇಲಾಗಿ ಜಲಜನಕವು ಲೋಹದೊಳಗೆ ಬಿಸಿಯಿರುವ ಕಡೆಯಿಂದ ತಂಪಿರುವ ಕಡೆಗೆ ಸರಿಯುತ್ತದೆ. ಕೊಳವೆ ತಗ್ಗಿ ಹೊರಗಿನದನ್ನು ಮುಟ್ಟಿದ ಜಾಗವೇ ತಂಪಿನ ಜಾಗ. ಅಲ್ಲಿ ಹೈಡ್ರೈಡ್ ಸೇರಿ ಬೊಕ್ಕೆಯಾಗಿ ಏಳುತ್ತದೆ.

1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್ ಸ್ಥಾವರದ ಎರಡನೆಯ ಘಟಕದಲ್ಲಿ ಇದೇ ನಡೆಯಿತು. ಸ್ಪ್ರಿಂಗಿನ ಬಳೆಗಳು ಸ್ಥಾನಪಲ್ಲಟವಾಗಿ, ಕೊಳವೆ ತಗ್ಗಿ, ಬೊಕ್ಕೆಗಳೆದ್ದು, ಕೊನೆಗೆ ಕೊಳವೆಯು ಮುನ್ಸೂಚನೆಯಿಲ್ಲದೆ ಸುಮಾರು ಎರಡು ಮೀಟರ್ ಉದ್ದಕ್ಕೆ ಸೀಳಿತು. ಯಾರಿಗೂ ಗಾಯವಾಗಲಿಲ್ಲ. ಆದರೆ ಆ ಕೊಳವೆಯನ್ನು ಮಾಡಿದ್ದ ಜಿರ್ಕಲಾಯ್-2 ಎಂಬ ಮಿಶ್ರಲೋಹದ ಮೇಲಿನ ಭರವಸೆ ಅಂದಿಗೆ ಮುಗಿಯಿತು.

ಈ ಸುದ್ದಿ ಭಾರತಕ್ಕೆ ದೂರದ ಸುದ್ದಿಯಾಗಿರಲಿಲ್ಲ. ನೀಲಗಿರಿಯ ಕುಂದಾ ಜಲವಿದ್ಯುತ್ ಯೋಜನೆಗೆ ನೆರವಾದ ಕೆನಡಾವೇ ರಾಜಸ್ಥಾನದ ರಾವತಭಾಟದಲ್ಲಿ ಭಾರತದ ಮೊದಲ ಭಾರಜಲ ಸ್ಥಾವರಕ್ಕೂ ಕೈಜೋಡಿಸಿತ್ತು. ಅದೇ ಮಾದರಿಯನ್ನು ಅನುಸರಿಸಿ ಭಾರತೀಯರೇ ಕಟ್ಟಿದ ಕಲ್ಪಾಕ್ಕಂ ಸ್ಥಾವರದ ಮೊದಲ ಘಟಕ 1984ರಲ್ಲಿಯೂ ಎರಡನೆಯದು 1986ರಲ್ಲಿಯೂ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇವೆಲ್ಲದರಲ್ಲಿಯೂ ಇದ್ದುದು ಪಿಕರಿಂಗಿನಲ್ಲಿ ಸೋತ ಅದೇ ಜಿರ್ಕಲಾಯ್-2. ಸಡಿಲವಾಗಿ ತೊಡಿಸಿದ ಬಳೆಗಳೂ ಅವೇ. ಕೊಳವೆಗಳನ್ನು ಬದಲಿಸದೆ ಬೇರೆ ದಾರಿಯಿರಲಿಲ್ಲ. ಮೊದಲು ರಾಜಸ್ಥಾನದ ಎರಡನೆಯ ಘಟಕದಲ್ಲಿ 1990ರ ದಶಕದಲ್ಲಿ ಈ ಕೆಲಸ ನಡೆಯಿತು. ವಿಕಿರಣದ ನಡುವೆ, ದೂರದಿಂದ ನಡೆಸುವ ಯಂತ್ರಗಳಿಂದ 306 ಕೊಳವೆಗಳನ್ನು ಒಂದೊಂದಾಗಿ ಹೊರತೆಗೆದು ನಿಯೋಬಿಯಂ ಬೆರೆತ ಹೊಸ ಕೊಳವೆಗಳನ್ನು ಕೂರಿಸಬೇಕಾಗಿತ್ತು. ಅಲ್ಲಿ ಪಡೆದ ಅನುಭವದಿಂದ ಈ ಶತಮಾನದ ಮೊದಲ ವರ್ಷಗಳಲ್ಲಿ ಕಲ್ಪಾಕ್ಕಮಿನ ಎರಡೂ ಘಟಕಗಳಿಗೆ ಹೊಸ ಕೊಳವೆಗಳು ಬಂದವು. ಹೊಸ ಮಿಶ್ರಲೋಹ ಹಳೆಯದಕ್ಕಿಂತ ಬಹಳ ಕಡಿಮೆ ಜಲಜನಕವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಕೈಗಾದ ಸುದೈವವೆಂದರೆ, ಅದನ್ನು ಕಟ್ಟುವ ಹೊತ್ತಿಗೆ ಈ ಪಾಠ ಮುಗಿದಿತ್ತು. ಅದರ ಘಟಕಗಳು ಆರಂಭದಿಂದಲೇ ಹೊಸ ಮಿಶ್ರಲೋಹದ ಕೊಳವೆಗಳನ್ನೂ, ಸ್ಥಾನ ಬಿಟ್ಟು ಕದಲದಂತೆ ಬಿಗಿಯಾಗಿ ತೊಡಿಸಿದ ನಾಲ್ಕು ನಾಲ್ಕು ಬಳೆಗಳನ್ನೂ ಪಡೆದವು.

ಹೊಸ ಲೋಹಕ್ಕೂ ತನ್ನದೇ ಆದ ರೋಗವುಂಟು. ಎಲ್ಲಿಯಾದರೂ ಒಂದು ಗೀರು ಇದ್ದು, ಅದರ ತುದಿಯಲ್ಲಿ ಸೆಳೆತ ಹೆಚ್ಚಾಗಿದ್ದರೆ ಜಲಜನಕವು ಆ ತುದಿಗೆ ಸರಿದು ಹೈಡ್ರೈಡ್ ಚಕ್ಕೆಯಾಗುತ್ತದೆ. ಚಕ್ಕೆ ಮುರಿಯುತ್ತದೆ, ಬಿರುಕು ಒಂದು ಹೆಜ್ಜೆ ಮುಂದೆ ಸಾಗುತ್ತದೆ. ಹೊಸ ತುದಿಗೆ ಮತ್ತೆ ಜಲಜನಕ ಬರುತ್ತದೆ. ಹೀಗೆ ನಿಂತು ನಿಂತು ನಡೆಯುವ ಬಿರುಕು 1974ರಲ್ಲಿಯೇ ಪಿಕರಿಂಗಿನ ಮೂರನೆಯ ಘಟಕದಲ್ಲಿ ಕಾಣಿಸಿಕೊಂಡಿತ್ತು. ಅಲ್ಲಿ ಕೊಳವೆಯ ತುದಿಯನ್ನು ಉಕ್ಕಿನ ಜೋಡಣೆಯೊಳಗೆ ಹಿಗ್ಗಿಸಿ ಕೂರಿಸುವಾಗ ಅಳತೆ ಮೀರಿದ್ದೇ ಕಾರಣವಾಗಿತ್ತು. ಲೋಹ ತಣ್ಣಗಿರುವಾಗ ಪೂರ್ಣ ಒತ್ತಡ ಹೇರಬಾರದು, ಬಿಸಿ ಮಾಡುವ ಮತ್ತು ಆರಿಸುವ ಕ್ರಮ ತಪ್ಪಬಾರದು ಎಂಬ ನಿಯಮಗಳ ಹಿಂದಿರುವುದು ಈ ಅನುಭವವೇ.

ಸ್ಥಾವರದಲ್ಲಿ ಜಿರ್ಕೋನಿಯಂ ಒಂದೇ ಲೋಹವಲ್ಲ. ಉಳಿದವುಗಳ ಬಿರುಕಿನ ರೀತಿ ಬೇರೆ. ಅದರ ಮೊದಲ ಪಾಠ ದೊರೆತದ್ದು ಭಾರತದ ಮಳೆಗಾಲದಲ್ಲಿ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ಬ್ರಿಟಿಷರ ಕಾಲದಲ್ಲಿ ಸೈನ್ಯದವರು ಹಿತ್ತಾಳೆಯ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಾಗ ಅವು ತಾವಾಗಿಯೇ ಬಿರಿಯುತ್ತಿದ್ದವು. ಅರುವಂಕಾಡಿನ ಕಾರ್ಖಾನೆಯಲ್ಲಿ ತಯಾರಾಗುವ ಕಾರ್ಡೈಟಿನಂಥ ಸಿಡಿಮದ್ದನ್ನು ತುಂಬುವುದು ಇಂಥ ಹಿತ್ತಾಳೆಯ ಕವಚಗಳಲ್ಲಿಯೇ. ಕುದುರೆಗಳ ಮೂತ್ರದಿಂದ ಏಳುವ ಅಮೋನಿಯ, ಗಾಳಿಯ ತೇವ, ಕವಚವನ್ನು ಎಳೆದು ರೂಪಿಸುವಾಗ ಹಿತ್ತಾಳೆಯಲ್ಲಿ ಉಳಿದುಹೋದ ಬಿಗಿತ ಇವು ಕೂಡಿ ಬಿರುಕಿಗೆ ಕಾರಣವಾದುವೆಂದು 1921ರಲ್ಲಿ ಪ್ರಕಟವಾದ ಬ್ರಿಟಿಷ್ ಸಂಶೋಧನೆ ತೋರಿಸಿತು. ಬಿರುಕಿಗೆ ಒಗ್ಗುವ ಲೋಹ, ಅದರೊಳಗಣ ಬಿಗಿತ, ಅದಕ್ಕೆ ಒಗ್ಗದ ಪರಿಸರ, ಈ ಮೂರೂ ಒಂದೆಡೆ ಸೇರಬೇಕು. ಒಂದನ್ನು ತೆಗೆದರೂ ಬಿರುಕಿಲ್ಲ.

ಈ ಸೂತ್ರ ಇಂದಿನ ಪರಮಾಣು ಸ್ಥಾವರಕ್ಕೂ ಅನ್ವಯಿಸುತ್ತದೆ. ಸ್ಟೇನ್‌ಲೆಸ್ ಉಕ್ಕನ್ನು ಬೆಸುಗೆ ಹಾಕಿದ ಜಾಗದ ಪಕ್ಕದಲ್ಲಿ ಬಿಗಿತ ಉಳಿಯುತ್ತದೆ, ಲೋಹದ ಕಣಗಳ ಅಂಚಿನಲ್ಲಿ ಕ್ರೋಮಿಯಂ ಕಡಿಮೆಯಾಗುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕರಗಿದ್ದರೆ ಬಿರುಕು ಆ ಅಂಚುಗಳನ್ನೇ ಹಿಡಿದು ಹೊರಡುತ್ತದೆ. 1969ರಲ್ಲಿ ಆರಂಭವಾದ ತಾರಾಪುರದ ಮೊದಲ ಎರಡು ಘಟಕಗಳಲ್ಲಿ ಹಬೆ ಉತ್ಪಾದಕಗಳ ಕೊಳವೆಗಳು ಕೆಟ್ಟುದರಿಂದ 210 ಮೆಗಾವಾಟ್ ಇದ್ದ ಸಾಮರ್ಥ್ಯವನ್ನು 160ಕ್ಕೆ ಇಳಿಸಬೇಕಾಯಿತು. ನಿಕ್ಕಲ್ ಪ್ರಧಾನವಾದ ಅಲಾಯ್-600 ಎಂಬ ಮಿಶ್ರಲೋಹವು ಬಿರುಕಿಗೆ ಸುಲಭವಾಗಿ ತುತ್ತಾಗುತ್ತದೆಂದು ಹಲವು ದೇಶಗಳಲ್ಲಿ ಕಂಡುಬಂತು. ಭಾರತದ ಭಾರಜಲ ಸ್ಥಾವರಗಳ ಹಬೆ ಉತ್ಪಾದಕಗಳಲ್ಲಿ ಕಲ್ಪಾಕ್ಕಂವರೆಗೆ ಮೋನೆಲ್ ಲೋಹವನ್ನೂ ನರೋರಾದಿಂದ ಮುಂದಕ್ಕೆ ಇಂಕೋಲಾಯ್-800 ಎಂಬುದನ್ನೂ ಬಳಸಲಾಗಿದೆ.

ನೀರಿನ ಗುಣವನ್ನು ಕಾಯುವುದೂ ಲೋಹವನ್ನು ಕಾಯುವುದೂ ಹೀಗೆ ಒಂದೇ ಕೆಲಸವಾಗುತ್ತದೆ. ಶೀತಕವಾಗಿ ಹರಿಯುವ ಭಾರಜಲಕ್ಕೆ ಅಳೆದು ಲಿಥಿಯಂ ಹೈಡ್ರಾಕ್ಸೈಡ್ ಬೆರೆಸಿ ತುಸು ಕ್ಷಾರವಾಗಿರಿಸುತ್ತಾರೆ, ಆಮ್ಲಜನಕ ಉಳಿಯದಂತೆ ನೋಡಿಕೊಳ್ಳುತ್ತಾರೆ. ಕ್ಷಾರ ಹೆಚ್ಚಿದರೆ ಉಕ್ಕಿಗೆ ಹಿತ, ಜಿರ್ಕೋನಿಯಮಿಗೆ ಅಹಿತ. ಜಲಜನಕ ಹೆಚ್ಚಿದರೆ ಆಮ್ಲಜನಕ ಅಡಗುತ್ತದೆ, ಆದರೆ ಜಿರ್ಕೋನಿಯಂ ಅದನ್ನು ಹೀರಿಕೊಳ್ಳುವ ಭಯವಿದೆ. ಒಂದೇ ನೀರಿನಲ್ಲಿ ಹಲವು ಲೋಹಗಳು ಸಂಸಾರ ಮಾಡಬೇಕಾದ್ದರಿಂದ ಯಾವುದೊಂದಕ್ಕೂ ಪೂರ್ತಿ ಒಗ್ಗುವ ನೀರನ್ನು ಕೊಡಲಾಗದು.

ಬಿರುಕೇ ಇಲ್ಲದೆಯೂ ಕೊಳವೆ ಒಡೆಯಬಹುದು. ಸಾಧಾರಣ ಉಕ್ಕಿನ ಕೊಳವೆಯಲ್ಲಿ ಬಿಸಿನೀರು ರಭಸವಾಗಿ ಹರಿದರೆ ಅದು ಒಳಮೈಯ ರಕ್ಷಕ ಪದರವನ್ನು ಕರಗಿಸಿ ಗೋಡೆಯನ್ನು ತೆಳುವಾಗಿಸುತ್ತದೆ. ಜಪಾನಿನ ಮಿಹಾಮಾ ಸ್ಥಾವರದಲ್ಲಿ 2004ರ ಆಗಸ್ಟ್ 9ರಂದು ಹೀಗೆ ಸವೆದ ಕೊಳವೆ ಒಡೆದು ಬಿಸಿ ಹಬೆಗೆ ಸಿಕ್ಕಿದ ಐವರು ಕೆಲಸಗಾರರು ಪ್ರಾಣ ಕಳೆದುಕೊಂಡರು. ಮೊದಲಿಗೆ 10 ಮಿಲಿಮೀಟರ್ ಇದ್ದ ಗೋಡೆಯ ದಪ್ಪ ಒಡೆದ ಜಾಗದಲ್ಲಿ ಒಂದೂವರೆ ಮಿಲಿಮೀಟರಿಗಿಂತಲೂ ಕಡಿಮೆಯಾಗಿತ್ತು. ಆ ಹಬೆಯಲ್ಲಿ ವಿಕಿರಣವಿರಲಿಲ್ಲ. ಹಾಗೆ ಸವೆಯುತ್ತದೆಂಬ ಜ್ಞಾನಕ್ಕೂ ಕೊರತೆಯಿರಲಿಲ್ಲ. ತಪಾಸಣೆಯ ಪಟ್ಟಿಯಲ್ಲಿ ಆ ಕೊಳವೆಯ ಹೆಸರು ಬಿಟ್ಟುಹೋಗಿತ್ತು, ಅಷ್ಟೇ.

ಅಮೆರಿಕದ ಓಹಾಯೋ ರಾಜ್ಯದ ಡೇವಿಸ್-ಬೆಸ್ ಸ್ಥಾವರದಲ್ಲಿ 2002ರಲ್ಲಿ ಕಂಡದ್ದೂ ಇದೇ ಬಗೆಯದು. ಅಲಾಯ್-600ರ ನಳಿಕೆಯ ಬಿರುಕಿನಿಂದ ಸೋರಿದ ಬೋರಿಕ್ ಆಮ್ಲದ ನೀರು ರಿಯಾಕ್ಟರ್ ಪಾತ್ರೆಯ ಮುಚ್ಚಳದ ದಪ್ಪ ಉಕ್ಕನ್ನು ತಿಂದುಹಾಕಿತ್ತು. ಪೂರ್ಣ ಒತ್ತಡವನ್ನು ತಡೆದು ನಿಂತಿದ್ದುದು ಒಂದು ಸೆಂಟಿಮೀಟರಿಗಿಂತ ತೆಳುವಾದ ಸ್ಟೇನ್‌ಲೆಸ್ ಉಕ್ಕಿನ ಒಳಪದರ ಮಾತ್ರ. ಆಮ್ಲದ ಬಿಳಿ ಹರಳುಗಳು, ತುಕ್ಕಿನ ಗುರುತುಗಳು ಅದಕ್ಕೆ ಮುಂಚೆಯೇ ಕಣ್ಣಿಗೆ ಬಿದ್ದಿದ್ದರೂ ಅವುಗಳ ಅರ್ಥವನ್ನು ಯಾರೂ ಬೆನ್ನಟ್ಟಲಿಲ್ಲ.

ಭಾರಜಲ ಸ್ಥಾವರಗಳಲ್ಲಿ ಅನುಸರಿಸುವ ಒಂದು ಮುಖ್ಯ ತತ್ತ್ವವೆಂದರೆ, ಕೊಳವೆ ಒಡೆಯುವ ಮೊದಲು ಸೋರಬೇಕು, ಸೋರಿದ್ದು ಕೂಡಲೇ ತಿಳಿಯಬೇಕು. ಎರಡು ಕೊಳವೆಗಳ ನಡುವಣ ಅನಿಲವನ್ನು ಸದಾ ಹರಿಯಿಸಿ ಅದರ ತೇವವನ್ನು ಅಳೆಯುವುದು ಇದಕ್ಕಾಗಿಯೇ. ಬಿರುಕಿನಿಂದ ಹನಿ ನೀರು ಹೊರಬಂದರೂ ಅನಿಲ ತೇವವಾಗಿ ಸುಳಿವು ಕೊಡುತ್ತದೆ. ಬಿರುಕು ಅಪಾಯದ ಉದ್ದಕ್ಕೆ ಬೆಳೆಯುವುದರೊಳಗೆ ಸ್ಥಾವರವನ್ನು ನಿಲ್ಲಿಸಿ ತಣಿಸಲು ಸಮಯ ಸಿಗುತ್ತದೆ.

ಗುಜರಾತಿನ ಕಾಕ್ರಾಪಾರ ಸ್ಥಾವರದ ಮೊದಲ ಘಟಕದಲ್ಲಿ 2016ರ ಮಾರ್ಚ್ 11ರಂದು ಒಂದು ಕೊಳವೆ ಬಿರಿದು ಭಾರಜಲ ಸೋರಿತು. ಸ್ಥಾವರ ನಿಂತಿತು, ತುರ್ತು ತಣಿಸುವ ವ್ಯವಸ್ಥೆ ಕೆಲಸ ಮಾಡಿತು, ಕೆಲಸಗಾರರಿಗೆ ಮಿತಿಮೀರಿದ ವಿಕಿರಣ ತಗಲಲಿಲ್ಲ. ಆದರೆ ತಜ್ಞರನ್ನು ಬೆಚ್ಚಿಬೀಳಿಸಿದ ಸಂಗತಿ ಬೇರೆಯಿತ್ತು. ಆ ಕೊಳವೆಗಳು ಹಳೆಯವಲ್ಲ. ನಿಯೋಬಿಯಂ ಬೆರೆತ ಹೊಸ ಕೊಳವೆಗಳನ್ನು ಹಾಕಿ ಸುಮಾರು ಐದು ವರ್ಷ ಮಾತ್ರ ಕಳೆದಿತ್ತು. ಬಿಸಿನೀರು ತಾಗುವ ಒಳಮೈಯನ್ನು ದಶಕಗಳಿಂದ ಕಾಯುತ್ತ ಬಂದಿದ್ದರು. ತುಕ್ಕಿನ ಚುಕ್ಕೆಗಳು ಕಂಡದ್ದು ಅನಿಲ ತಾಗುವ ಹೊರಮೈಯಲ್ಲಿ. ನಿರುಪದ್ರವಿಯೆಂದು ಎಣಿಸಿದ್ದ ಅನಿಲದ ಶುದ್ಧತೆಯ ಕಡೆಗೆ ಆಗ ಗಮನ ತಿರುಗಿತು. ಆ ಘಟಕದ ಕೊಳವೆಗಳನ್ನು ಮತ್ತೊಮ್ಮೆ ಬದಲಿಸಿ 2019ರಲ್ಲಿ ಅದನ್ನು ಪುನಃ ಆರಂಭಿಸಬೇಕಾಯಿತು. ಕಾಕ್ರಾಪಾರದ ಪಾಠ ಕೈಗಾಕ್ಕೂ ಕಲ್ಪಾಕ್ಕಮಿಗೂ ಸಮಾನವಾಗಿ ಸಲ್ಲುತ್ತದೆ, ಏಕೆಂದರೆ ಲೋಹವೂ ಅದೇ, ವಿನ್ಯಾಸವೂ ಬಹುಮಟ್ಟಿಗೆ ಅದೇ.

ಕೈಗಾದ ಮೊದಲ ಘಟಕವು 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಆ ಕಾಲಕ್ಕೆ ಜಾಗತಿಕ ದಾಖಲೆ ನಿರ್ಮಿಸಿತು. ಕನ್ನಡಿಗರು ಹೆಮ್ಮೆಪಡಬೇಕಾದ ಸಾಧನೆ ಇದು. ನೀರಿನ ಗುಣವನ್ನು ದಿನದಿನವೂ ಕಾಯದಿದ್ದರೆ, ಪಂಪು ಕವಾಟಗಳನ್ನು ಜತನದಿಂದ ನೋಡಿಕೊಳ್ಳದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ. ಆದರೆ ದಿನಗಳ ಎಣಿಕೆಯಿಂದ ಕೊಳವೆಯ ಆರೋಗ್ಯ ತಿಳಿಯುವುದಿಲ್ಲ. ಕೊಳವೆಯೊಳಗೆ ಅಲ್ಟ್ರಾಸಾನಿಕ್ ಉಪಕರಣವನ್ನು ಇಳಿಸಿ ಗೋಡೆಯ ದಪ್ಪ, ಬಾಗು, ಬಳೆಗಳ ಸ್ಥಾನಗಳನ್ನು ಅಳೆಯುವುದು, ಲೋಹದ ಚೂರನ್ನು ಕೆರೆದು ತೆಗೆದು ಜಲಜನಕದ ಪ್ರಮಾಣ ನೋಡುವುದು, ಇವೆಲ್ಲ ಸ್ಥಾವರವನ್ನು ನಿಲ್ಲಿಸಿದಾಗ ಮಾತ್ರ ಆಗುವ ಕೆಲಸಗಳು. ನಿಲ್ಲಿಸಿದ ದಿನಗಳನ್ನು ನಷ್ಟದ ಖಾತೆಗೆ ಬರೆಯುವ ಅಭ್ಯಾಸ ಬೆಳೆದರೆ ಲೋಹದ ಮಾತು ಕೇಳುವವರಿರುವುದಿಲ್ಲ.

ಈ ಕಾರಣದಿಂದಲೇ ಪರೀಕ್ಷಿಸುವವರು ಉತ್ಪಾದಿಸುವವರ ಹಂಗಿನಲ್ಲಿ ಇರಬಾರದು. ಭಾರತದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ 1983ರಲ್ಲಿ, ಪಿಕರಿಂಗಿನ ಕೊಳವೆ ಸೀಳಿದ ವರ್ಷವೇ, ಸ್ಥಾಪನೆಯಾಯಿತು. ಅದಕ್ಕೆ ಶಾಸನಬದ್ಧ ಸ್ವಾತಂತ್ರ್ಯದ ಕೊರತೆಯಿದೆಯೆಂದು ಮಹಾಲೇಖಪಾಲರು 2012ರ ವರದಿಯಲ್ಲಿ ಎತ್ತಿ ತೋರಿಸಿದರು. ಅದನ್ನು ಕಚೇರಿ ಕಚೇರಿಗಳ ನಡುವಣ ಅಧಿಕಾರದ ತಕರಾರು ಎಂದು ಬದಿಗಿರಿಸಲಾಗದು. ಮಿಹಾಮಾದಲ್ಲಿ ಪಟ್ಟಿಯಿಂದ ಬಿಟ್ಟುಹೋದ ಕೊಳವೆಯನ್ನೂ ಡೇವಿಸ್-ಬೆಸ್‌ನಲ್ಲಿ ಅರ್ಥವಾಗದೆ ಉಳಿದ ಬಿಳಿ ಹರಳುಗಳನ್ನೂ ಹೊರಗಿನ ನಿಷ್ಠುರವಾದ ಕಣ್ಣೊಂದು ಕಾಲಕ್ಕೆ ಸರಿಯಾಗಿ ಕಂಡಿದ್ದರೆ ಕಥೆ ಬೇರೆಯಾಗುತ್ತಿತ್ತು.

ಬಿಸಿನೀರಿನಲ್ಲಿ ಎಂದಿಗೂ ಹಿಗ್ಗದ, ಬಿರಿಯದ ಮಿಶ್ರಲೋಹ ಇದುವರೆಗೆ ದೊರೆತಿಲ್ಲ. ಒಂದು ಲೋಹದ ರೋಗಕ್ಕೆ ಮದ್ದು ಕಂಡಾಗ ಮತ್ತೊಂದು ರೋಗ ಬೇರೆ ಬಾಗಿಲಿನಿಂದ ಬಂದಿದೆ. ಆದುದರಿಂದ ಪರಮಾಣು ವಿದ್ಯುತ್ ಬೇಕು ಎನ್ನುವವರೂ ಬೇಡ ಎನ್ನುವವರೂ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಕೊಳವೆಗಳನ್ನು ಕೊನೆಯದಾಗಿ ಯಾವಾಗ ನೋಡಿದರು? 306ರಲ್ಲಿ ಎಷ್ಟನ್ನು ನೋಡಿದರು? ಏನು ಕಂಡಿತು, ಕಂಡುದನ್ನು ಯಾರಿಗೆ ತಿಳಿಸಿದರು? ಸಿಂಗಾರದ ಕೊಳವೆಯ ಕೆಳಗಿನ ಊರಿನವರಿಗೂ ಕೈಗಾದ ಸುತ್ತಣ ಹಳ್ಳಿಗರಿಗೂ ಈ ಪ್ರಶ್ನೆಗಳನ್ನು ಕೇಳುವ ಹಕ್ಕು ಒಂದೇ ಸಮನಾಗಿದೆ. ಉತ್ತರಗಳು ಅಂಕಿಗಳ ರೂಪದಲ್ಲಿ, ಜನರಿಗೆ ತಿಳಿಯುವ ಭಾಷೆಯಲ್ಲಿ, ಕೇಳುವ ಮೊದಲೇ ಪ್ರಕಟವಾಗುತ್ತಿದ್ದರೆ ಆ ಸ್ಥಾವರದ ಲೋಹವನ್ನು ಕಾಯುವವರಿದ್ದಾರೆಂದು ನಂಬಬಹುದು.